ಎಲೆಯನ್ನು ಸರಿಸದ ಚಿತ್ರ

ಕಳೆದ ವರ್ಷ ದಶಲಕ್ಷಣ ಪರ್ವ ಮುಗಿದ ಕೆಲವು ದಿನಗಳ ಮೇಲೆ ನಮ್ಮ ಸೀಮೆಯ ಒಂದು ಬಸದಿಯ ಆಡಳಿತ ಮಂಡಳಿಯ ಹಿರಿಯರೊಬ್ಬರು ನನ್ನ ಮನೆಗೆ ಬಂದರು. ಅವರ ಕೈಯಲ್ಲಿ ಒಂದು ಹಳೆಯ ಲಕೋಟೆಯಿತ್ತು. ಅದರೊಳಗೆ, ಬಸದಿಯ ಜೀರ್ಣೋದ್ಧಾರಕ್ಕೆ ಉದಾರವಾಗಿ ನೆರವಾಗಿ ಈಗ ನಮ್ಮೊಡನಿಲ್ಲದ ಗೃಹಸ್ಥರೊಬ್ಬರ ಭಾವಚಿತ್ರ. ‘ಸ್ಮರಣ ಸಂಚಿಕೆಯ ಮೊದಲ ಪುಟಕ್ಕೆ ಇದು ಬೇಕು. ಆದರೆ ಬರಿಯ ಮುಖವಾದರೆ ಶೋಭೆಯಿಲ್ಲ. ಹಿಂದೆ ಬೆಟ್ಟ, ಕೆಳಗೆ ಕೆರೆ, ಮೇಲೆ ಬಾಹುಬಲಿ ಸ್ವಾಮಿ. ಇವರು ಮುಂದೆ ಕೈಮುಗಿದು ನಿಂತ ಹಾಗೆ ನೀವು ಮಾಡಿಕೊಡಬೇಕು. ಆ ಕೈಚಳಕ ನಿಮ್ಮದೇ ಅಲ್ಲವೇ?’ ಎಂದರು. ನಾನು ಎಂಟು ದಿನಗಳ ಅವಕಾಶ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಈಗಿನ ಹುಡುಗರು ಮೊಬೈಲಿನಲ್ಲಿ ನಿಮಿಷದೊಳಗೆ ಮಾಡುವ ಕೆಲಸಕ್ಕೆ, ಮೂವತ್ತು ವರ್ಷ ಇದೇ ವೃತ್ತಿಯಲ್ಲಿದ್ದವನು ಎಂಟು ದಿನ ಕೇಳುವುದೆಂದರೇನು? ಆ ಎಂಟು ದಿನಗಳಲ್ಲಿ ನಾನು ಏನನ್ನು ಯೋಚಿಸಿದೆನೆಂಬುದನ್ನೇ ಇಲ್ಲಿ ಬರೆದಿದ್ದೇನೆ. ಇದು ಉಪದೇಶವಲ್ಲ, ಒಬ್ಬ ಛಾಯಾಗ್ರಾಹಕನ ಲೆಕ್ಕಪತ್ರ ಎಂದು ಓದುಗರು ತಿಳಿದರೆ ಸಾಕು.

ನಾನು ಕಾರ್ಕಳದ ಪೇಟೆಯಲ್ಲಿ ಚಿಕ್ಕದೊಂದು ಸ್ಟುಡಿಯೋ ತೆರೆದದ್ದು 1976ರಲ್ಲಿ. ಆಗ ಸ್ಟುಡಿಯೋ ಎಂದರೆ ಒಂದು ಕೋಣೆ, ಎರಡು ದೊಡ್ಡ ದೀಪ, ಒಂದು ಕುರ್ಚಿ, ಹಿಂದೆ ಒಂದು ಬಣ್ಣದ ಪರದೆ. ಆ ಪರದೆಯ ಮೇಲೆ ಜಲಪಾತವಿತ್ತು, ಹಂಸಗಳಿದ್ದ ಸರೋವರವಿತ್ತು, ಯಾವ ದೇಶದ್ದೆಂದು ಯಾರಿಗೂ ತಿಳಿಯದ ಹಿಮದ ಪರ್ವತವಿತ್ತು. ಮನೆಯ ಹಿತ್ತಲಲ್ಲೇ ಹೊಳೆ ಹರಿಯುತ್ತಿದ್ದ ಜನರು ಬಸ್ಸು ಹತ್ತಿ ಪೇಟೆಗೆ ಬಂದು, ಬಟ್ಟೆಯ ಮೇಲಿನ ಹೊಳೆಯ ಮುಂದೆ ಕುಳಿತು ಚಿತ್ರ ತೆಗೆಸಿಕೊಂಡು ಸಂತೋಷದಿಂದ ಹಿಂದಿರುಗುತ್ತಿದ್ದರು. ಆಗ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮನುಷ್ಯನಿಗೆ ತಾನು ಒಂದು ಸುಂದರವಾದ ಸ್ಥಳಕ್ಕೆ ಸೇರಿದವನೆಂದು ಕಾಣಿಸಿಕೊಳ್ಳುವ ಆಸೆಯಿದೆ. ಆ ಆಸೆ ಕೆಟ್ಟದ್ದೆಂದು ಈಗಲೂ ನಾನು ಹೇಳಲಾರೆ. ಅದನ್ನು ಯಾವ ಮಾರ್ಗದಿಂದ ಪೂರೈಸುತ್ತೇವೆ ಎಂಬುದರಲ್ಲಿ ಮಾತ್ರ ನೀತಿಯ ಪ್ರಶ್ನೆ ಹುಟ್ಟುತ್ತದೆ.

ಪರದೆಗಿಂತ ಮೇಲಾದ ಮಾರ್ಗವೊಂದು ಕತ್ತಲೆ ಕೋಣೆಯಲ್ಲಿತ್ತು. ಎರಡು ನೆಗೆಟಿವ್‌ಗಳಿಂದ ಒಂದೇ ಚಿತ್ರವನ್ನು ಮುದ್ರಿಸುವ ಕಲೆ ಅದು. ಮೊದಲು ಬೆಟ್ಟದ ನೆಗೆಟಿವನ್ನು ಎನ್‌ಲಾರ್ಜರಿನಲ್ಲಿಟ್ಟು, ಕಾಗದದ ಯಾವ ಭಾಗದಲ್ಲಿ ಮನುಷ್ಯ ಬರಬೇಕೋ ಅಷ್ಟನ್ನು ಕತ್ತರಿಸಿದ ಕಪ್ಪು ಕಾಗದದಿಂದ ಮರೆಮಾಡಿ ಬೆಳಕು ಬಿಡಬೇಕು. ಅನಂತರ ಮನುಷ್ಯನ ನೆಗೆಟಿವನ್ನಿಟ್ಟು, ಬೆಟ್ಟ ಮೂಡಿದ ಭಾಗವನ್ನು ಮರೆಮಾಡಿ ಮತ್ತೊಮ್ಮೆ ಬೆಳಕು ಬಿಡಬೇಕು. ಮರೆಯ ಕಾಗದವನ್ನು ಸ್ವಲ್ಪವೇ ಅಲುಗಾಡಿಸುತ್ತಿದ್ದರೆ ಅಂಚು ಮೃದುವಾಗಿ ಎರಡೂ ಕೂಡಿಕೊಳ್ಳುತ್ತವೆ. ಉಳಿದ ಬಿರುಕನ್ನು ಸಣ್ಣ ಕುಂಚದಿಂದ ತಿದ್ದಬೇಕು. ಇದು ನಾವು ಕಂಡುಹಿಡಿದ ವಿದ್ಯೆಯಲ್ಲ. ಆರಂಭದ ಛಾಯಾಚಿತ್ರ ಫಲಕಗಳು ನೀಲಿಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಸಮುದ್ರ ಸರಿಯಾಗಿ ಮೂಡಿದರೆ ಆಕಾಶ ಬೆಳ್ಳಗಾಗಿಬಿಡುತ್ತಿತ್ತು. ಆದ್ದರಿಂದ ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿಯೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವನ್ನು ಬಳಸಿ ಮುದ್ರಿಸಿದ. ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ 1862ರಲ್ಲಿ, ಹೂಬಿಟ್ಟ ಕೊಂಬೆಗಳನ್ನು ಹೊತ್ತು ಮನೆಗೆ ಬರುವ ಹೆಣ್ಣುಮಕ್ಕಳ ಒಂದು ದೊಡ್ಡ ಚಿತ್ರವನ್ನು ಒಂಬತ್ತು ನೆಗೆಟಿವ್‌ಗಳಿಂದ ಜೋಡಿಸಿದ. ಹೀಗೆ ಮನುಷ್ಯನನ್ನು ಪ್ರಕೃತಿಯೊಡನೆ ಬೆಸೆಯುವ ಕತ್ತರಿ, ಕ್ಯಾಮೆರಾದಷ್ಟೇ ಹಳೆಯದು ಎನ್ನಬಹುದು.

ಈ ವಿದ್ಯೆಯಲ್ಲಿ ನನಗಿದ್ದ ಅಭಿಮಾನವನ್ನು ಮುರಿದವರು ನನ್ನ ತಾಯಿ. 1993ರ ಡಿಸೆಂಬರಿನಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನಡೆಯಿತು. ನಮ್ಮ ಮನೆಯವರೆಲ್ಲರೂ ಹೋದೆವು. ತಂದೆಯವರು ಪಾರ್ಶ್ವವಾಯುವಿನಿಂದ ಮಲಗಿದ್ದರಾದ್ದರಿಂದ ಅಮ್ಮ ಮಾತ್ರ ಮನೆಯಲ್ಲೇ ಉಳಿದರು. ಹನ್ನೆರಡು ವರ್ಷಗಳಿಗೊಮ್ಮೆ ಬರುವ ಆ ದಿನವನ್ನು ಅವರು ಕಳೆದುಕೊಂಡರಲ್ಲಾ ಎಂಬ ಕೊರಗು ನನ್ನನ್ನು ಕಾಡುತ್ತಿತ್ತು. ಚಂದ್ರಗಿರಿಯಿಂದ ವಿಂಧ್ಯಗಿರಿಯ ಒಂದು ನೋಟವನ್ನು ನಾನು ತೆಗೆದುಕೊಂಡು ಬಂದಿದ್ದೆ: ಕೆಳಗೆ ಕಲ್ಯಾಣಿ, ಎದುರಿಗೆ ಬೋಳು ಬಂಡೆಯ ಬೆಟ್ಟ, ತುದಿಯಲ್ಲಿ ಗೋಡೆಯ ಮೇಲಕ್ಕೆದ್ದ ಸ್ವಾಮಿಯ ತಲೆ ಮತ್ತು ಹೆಗಲು. ಹಿಂದೊಮ್ಮೆ ಮನೆಯ ಮದುವೆಯ ದಿನ ಅಂಗಳದಲ್ಲಿ ತೆಗೆದಿದ್ದ ಅಮ್ಮನ ಚಿತ್ರವೊಂದಿತ್ತು. 1994ರ ಜನವರಿಯಲ್ಲಿ ಎರಡು ರಾತ್ರಿ ಕುಳಿತು ಎರಡನ್ನೂ ಕೂಡಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕಟವಾದ ಜೋಡಣೆಯನ್ನು ಮಾಡಿರಲಿಲ್ಲ. ಕಟ್ಟು ಹಾಕಿಸಿ ಅಮ್ಮನ ಕೈಗೆ ಕೊಟ್ಟೆ.

ಅವರು ಬಹಳ ಹೊತ್ತು ನೋಡಿದರು. ‘ಬೆಟ್ಟದ ನೆರಳು ಒಂದು ಕಡೆಗಿದೆ, ನನ್ನ ನೆರಳು ಇನ್ನೊಂದು ಕಡೆಗಿದೆ. ನನಗೆ ಮಾತ್ರ ಬೇರೆ ಸೂರ್ಯನೇ?’ ಎಂದು ನಕ್ಕರು. ಬಳಿಕ ನಗು ನಿಲ್ಲಿಸಿ ಹೇಳಿದರು: ‘ಹೋಗಲಿಲ್ಲವೆಂದು ನನಗೆ ದುಃಖವಿಲ್ಲ ಮಗಾ. ಆ ದಿನ ನಾನು ನಿನ್ನ ಅಪ್ಪನ ಬಳಿ ಕುಳಿತಿದ್ದೆ. ಇದನ್ನು ಗೋಡೆಗೆ ಹಾಕಿದರೆ ಆ ದಿನ ಎಲ್ಲಿಗೆ ಹೋಯಿತು?’

ನಾನು ಉತ್ತರ ಕೊಡಲಿಲ್ಲ. ಚಿತ್ರ ಗೋಡೆಯನ್ನೇರಲಿಲ್ಲ. ನನಗೆ ಅಂದು ಬೇಸರವೇ ಆಯಿತು. ಶ್ರಮವನ್ನು ಅರಿಯದವರು ಎಂದುಕೊಂಡೆ. ಅವರ ಮಾತಿನ ಆಳ ತಿಳಿಯಲು ವರ್ಷಗಳು ಹಿಡಿದವು. ಸುಳ್ಳೆಂದರೆ ಇಲ್ಲದ್ದನ್ನು ಇದೆಯೆಂದು ಹೇಳುವುದು ಮಾತ್ರವಲ್ಲ. ಇದ್ದದ್ದನ್ನು ಅಳಿಸುವುದೂ ಸುಳ್ಳೇ. ಬೆಟ್ಟದ ಮುಂದೆ ನಿಂತ ತಾಯಿಯನ್ನು ಸೃಷ್ಟಿಸುವಾಗ, ಗಂಡನ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ ತಾಯಿಯನ್ನು ನಾನು ಅಳಿಸಿದ್ದೆ. ಅವರ ಆ ದಿನದ ವ್ರತ ಅಲ್ಲಿತ್ತು, ಬೆಟ್ಟದ ಮೇಲಿರಲಿಲ್ಲ.

ಹಾಗಾದರೆ ಜೋಡಣೆಯನ್ನು ಬಿಟ್ಟು, ಜನರನ್ನೇ ಕಾಡಿಗೂ ಹೊಳೆಗೂ ಕರೆದೊಯ್ದು ತೆಗೆದರೆ ದೋಷವಿಲ್ಲವೇ ಎಂದು ಓದುಗರು ಕೇಳಬಹುದು. ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆಗೆ ವಿರುದ್ಧವಾದ ಸಾಕ್ಷಿ ನನ್ನಲ್ಲಿಯೇ ಇತ್ತು. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. 1984ರ ಮಳೆಗಾಲದ ಕೊನೆಯಲ್ಲಿ ಹೊಸದಾಗಿ ಮದುವೆಯಾದ ದಂಪತಿಗಳನ್ನು ಒಂದು ಗುಡ್ಡದ ತಪ್ಪಲಿಗೆ ಕರೆದೊಯ್ದಿದ್ದೆ. ಹಳೆಯ ಮಾವಿನ ಮರವೊಂದನ್ನು ಬಳ್ಳಿಗಳು ದಟ್ಟವಾಗಿ ತಬ್ಬಿದ್ದವು. ವಧುವಿನ ತಲೆಯ ಮೇಲೆ ಆ ಬಳ್ಳಿ ಕಮಾನಿನಂತೆ ಬಾಗಿದರೆ ಅವಳೂ ಮರವೂ ಒಂದೇ ಆಗಿ ಕಾಣುವರೆಂದು ನನಗೆ ತೋರಿತು. ಬಳ್ಳಿಯನ್ನು ಹಿಡಿದು ಜಗ್ಗಿದೆ. ಮೇಲಿನಿಂದ ಬಟ್ಟಲಿನಂಥ ಗೂಡೊಂದು ಬಿತ್ತು. ಪಿಕಳಾರದ ಗೂಡು, ಒಳಗೆ ಎರಡು ಮೊಟ್ಟೆಗಳಿದ್ದವು. ದಂಪತಿಗಳು ನೋಡುವ ಮೊದಲೇ ನಾನು ಒಣ ಎಲೆಗಳನ್ನು ಕಾಲಿನಿಂದ ಸರಿಸಿ ಮುಚ್ಚಿದೆ. ಹಕ್ಕಿಗಳೆರಡು ತಲೆಯ ಮೇಲೆ ಕೂಗುತ್ತಿದ್ದವು. ವಧು, ‘ಎಷ್ಟು ಚೆನ್ನಾಗಿ ಹಾಡುತ್ತಿವೆ’ ಎಂದಳು. ನಾನು ಚಿತ್ರ ತೆಗೆದೆ.

ಆ ಚಿತ್ರ ನನ್ನ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಏಳು ವರ್ಷ ಇತ್ತು. ‘ನಮಗೂ ಹೀಗೆಯೇ ಪ್ರಕೃತಿಯೊಡನೆ ಬೆರೆತ ಹಾಗೆ ತೆಗೆದುಕೊಡಿ’ ಎಂದು ಎಷ್ಟೋ ಜನ ಬಂದರು. ಜೋಡಣೆಯ ಲವಲೇಶವೂ ಇಲ್ಲದ, ಒಂದೇ ನೆಗೆಟಿವಿನ ‘ನಿಜವಾದ’ ಚಿತ್ರವದು. ಅಮ್ಮನ ಚಿತ್ರದಲ್ಲಿ ಸತ್ಯಕ್ಕೆ ಚ್ಯುತಿಯಾಗಿತ್ತು. ಇದರಲ್ಲಿ ಅಹಿಂಸೆಗೆ ಚ್ಯುತಿಯಾಗಿತ್ತು. ನೋಡುವವರಿಗೆ ಎರಡೂ ಕಾಣುವುದಿಲ್ಲ. ಚಿತ್ರದ ಚೌಕಟ್ಟು ಮುಚ್ಚಿಡುವುದಕ್ಕೂ ಒದಗುತ್ತದೆಂಬುದನ್ನು ನಾನು ಕಲಿತದ್ದು ಹೀಗೆ.

ಇನ್ನೊಂದು ಸಂಗತಿ ಇದಕ್ಕಿಂತಲೂ ಒಳಗಿನದು. ಫಿಲ್ಮಿನ ಮೇಲೆ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಕಣಗಳಿರುತ್ತವೆ. ಆ ಕಣಗಳನ್ನು ಹಿಡಿದಿಡುವ ಅಂಟು ಜೆಲಟಿನ್. ಅದು ಪ್ರಾಣಿಗಳ ಮೂಳೆ, ಚರ್ಮಗಳಿಂದ ತಯಾರಾಗುವ ವಸ್ತು. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಕ್ಸ್ ಅದನ್ನು ಫಲಕಗಳಿಗೆ ಬಳಸುವ ಕ್ರಮವನ್ನು ಪ್ರಕಟಿಸಿದ ಮೇಲೆ ಜಗತ್ತಿನ ಫಿಲ್ಮ್ ಉದ್ಯಮವೆಲ್ಲ ಅದರ ಮೇಲೆಯೇ ನಿಂತಿತು. ಕೊಡಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಸ್ಯಾಮ್ಯುಯೆಲ್ ಶೆಪರ್ಡ್ 1920ರ ದಶಕದಲ್ಲಿ ಒಂದು ವಿಚಿತ್ರವನ್ನು ಕಂಡುಹಿಡಿದ. ಕೆಲವು ಜೆಲಟಿನ್‌ನಿಂದ ಮಾಡಿದ ಫಿಲ್ಮು ಬೆಳಕಿಗೆ ಚುರುಕಾಗಿ ಸ್ಪಂದಿಸುತ್ತಿತ್ತು, ಕೆಲವು ಮಂದವಾಗಿರುತ್ತಿತ್ತು. ಕಾರಣ ಹುಡುಕಿದಾಗ, ದನಗಳು ಮೇಯ್ದ ಸಾಸಿವೆಯ ಜಾತಿಯ ಗಿಡಗಳಲ್ಲಿರುವ ಗಂಧಕದ ಅಂಶವೇ ಅತ್ಯಲ್ಪ ಪ್ರಮಾಣದಲ್ಲಿ ಜೆಲಟಿನ್‌ಗೆ ಇಳಿದು ಬಂದು ಆ ಚುರುಕನ್ನು ಕೊಡುತ್ತಿತ್ತೆಂದು ತಿಳಿಯಿತು.

ಇದನ್ನು ನಾನು ಮೊದಲು ಓದಿದ್ದು ವೃತ್ತಿಗಿಳಿದು ಇಪ್ಪತ್ತು ವರ್ಷಗಳಾದ ಮೇಲೆ. ಆ ರಾತ್ರಿ ನಿದ್ರೆ ಬರಲಿಲ್ಲ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಯವನು ನಾನು, ಕಂದಮೂಲವನ್ನು ಮುಟ್ಟದವನು, ದಿನವೂ ಹತ್ತು ಬೆರಳುಗಳನ್ನೂ ಆ ಅಂಟಿನಲ್ಲಿ ಅದ್ದುತ್ತಿದ್ದೆ. ಮನುಷ್ಯನನ್ನು ಪ್ರಕೃತಿಯೊಡನೆ ಬೆರೆಸುವ ಕಲೆಗಾರ ನಾನೆಂದುಕೊಂಡಿದ್ದೆ. ನಾನು ಬೆರೆಸುವ ಮೊದಲೇ ಒಂದು ಹಸು, ಅದು ಮೇಯ್ದ ಒಂದು ಗಿಡ ಆ ಫಿಲ್ಮಿನಲ್ಲಿ ಬೆರೆತುಹೋಗಿದ್ದವು. ವೃತ್ತಿಯನ್ನು ಬಿಟ್ಟೆನೇ? ಬಿಡಲಿಲ್ಲ. ಮಕ್ಕಳ ಓದು, ಸಾಲ, ತಂದೆಯವರ ಚಿಕಿತ್ಸೆಯ ಖರ್ಚು, ಇವು ಆಗ ನನಗೆ ನಾನು ಹೇಳಿಕೊಂಡ ಕಾರಣಗಳು. 2006ರಲ್ಲಿ ಡಿಜಿಟಲ್ ಕ್ಯಾಮೆರಾ ಕೊಂಡು ಫಿಲ್ಮನ್ನು ನಿಲ್ಲಿಸಿದೆನಾದರೂ, ಅದಕ್ಕೆ ಕಾರಣ ವೈರಾಗ್ಯವಲ್ಲ, ಮಾರುಕಟ್ಟೆ. ಇದನ್ನು ಮುಚ್ಚಿಟ್ಟು ನೀತಿಯ ಲೇಖನ ಬರೆಯುವುದು ಮತ್ತೊಂದು ಜೋಡಣೆಯಾದೀತು.

ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತ ಮೇಲೆ ನನ್ನ ಮಗಳು ವಿದೇಶದ ಛಾಯಾಗ್ರಾಹಕರ ಪುಸ್ತಕಗಳನ್ನು ತಂದುಕೊಡತೊಡಗಿದಳು. ಅವುಗಳಲ್ಲಿ ಇಬ್ಬರ, ಎಂದರೆ ಒಬ್ಬನ ಮತ್ತು ಒಂದು ಜೋಡಿಯ, ಕೆಲಸವು ನನ್ನ ಈ ಹಳೆಯ ಗಾಯವನ್ನು ಮುಟ್ಟಿತು. ಮೊದಲನೆಯವರು ಆರ್ನೋ ರಾಫಾಯಲ್ ಮಿಂಕಿನೆನ್. 1945ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದವರು. ನ್ಯೂಯಾರ್ಕಿನಲ್ಲಿ ಜಾಹೀರಾತಿನ ಬರಹಗಾರರಾಗಿದ್ದು, 1971ರಿಂದ ತಮ್ಮ ದೇಹವನ್ನೇ ಕೆರೆ, ಹಿಮ, ಬಂಡೆ, ಮರಗಳ ನಡುವೆ ಇರಿಸಿ ಚಿತ್ರ ತೆಗೆಯತೊಡಗಿದರು. ನೀರಿನಿಂದ ಎದ್ದ ಎರಡು ತೋಳುಗಳು ಎಲೆಯಿಲ್ಲದ ಮರಗಳಂತೆ ಕಾಣುತ್ತವೆ. ಬಾಗಿದ ಬೆನ್ನು ದಡದ ಕಲ್ಲಿನೊಡನೆ ಸೇರುತ್ತದೆ. ಎರಡು ನೆಗೆಟಿವ್‌ಗಳನ್ನು ಕೂಡಿಸುವುದಿಲ್ಲ, ಯಾವ ಮಾರ್ಪಾಡನ್ನೂ ಮಾಡುವುದಿಲ್ಲ ಎಂಬುದು ಅವರು ತಮಗೆ ಹಾಕಿಕೊಂಡ ನಿಯಮ. ಕ್ಯಾಮೆರಾದಲ್ಲಿ ಸಮಯವನ್ನು ಹೊಂದಿಸಿ, ಕೆಲವೇ ಸೆಕೆಂಡುಗಳಲ್ಲಿ ಹೋಗಿ ನಿಲ್ಲಬೇಕು. ಆ ಕ್ಷಣದಲ್ಲಿ ಕ್ಯಾಮೆರಾದ ಕಿಂಡಿಯಲ್ಲಿ ಯಾರೂ ನೋಡುತ್ತಿರುವುದಿಲ್ಲ.

ಅವರ ಚಿತ್ರಗಳಲ್ಲಿ ದೇಹ ನಗ್ನವಾಗಿರುತ್ತದೆ. ದಿಗಂಬರತ್ವದೊಡನೆ ಇದನ್ನು ಹೋಲಿಸುವುದು ಸಲ್ಲದು. ಅದು ವ್ರತ, ಇದು ಕಲೆ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಮಾತು. ಹೆಪ್ಪುಗಟ್ಟುವ ನೀರು, ಜಾರುವ ಬಂಡೆಯ ಅಂಚು, ಇವು ಅಪಾಯದ ಸ್ಥಳಗಳಾದ್ದರಿಂದ ಬೇರೆಯವರನ್ನು ಅಲ್ಲಿ ನಿಲ್ಲಿಸಲು ತಮಗೆ ಮನಸ್ಸಿಲ್ಲವೆಂದೂ, ಆದ್ದರಿಂದಲೇ ತಮ್ಮ ದೇಹವನ್ನು ಬಳಸುವುದೆಂದೂ ಅವರು ಹೇಳಿಕೊಂಡಿದ್ದಾರೆ. ಚಿತ್ರಕ್ಕೊಂದು ಬೆಲೆಯಿದ್ದರೆ ಅದನ್ನು ತೆಗೆಯುವವನೇ ತೆರಬೇಕು ಎಂಬ ಈ ನಿಲುವನ್ನು ಓದಿದಾಗ ನನಗೆ ಪಿಕಳಾರದ ಗೂಡು ನೆನಪಾಯಿತು. ನನ್ನ ಚಿತ್ರದ ಬೆಲೆಯನ್ನು ಆ ಎರಡು ಮೊಟ್ಟೆಗಳು ತೆತ್ತಿದ್ದವು.

ಎರಡನೆಯದು ಫಿನ್‌ಲ್ಯಾಂಡಿನ ರೀಟಾ ಇಕೊನೆನ್ ಮತ್ತು ನಾರ್ವೆಯ ಕರೊಲಿನ್ ಯೋರ್ತ್ ಎಂಬ ಇಬ್ಬರು ಮಹಿಳೆಯರ ಕೆಲಸ. 2011ರಲ್ಲಿ ನಾರ್ವೆಯಲ್ಲಿ ಅವರು ಆರಂಭಿಸಿದ ಚಿತ್ರಮಾಲೆಯ ಹೆಸರನ್ನು ಕನ್ನಡದಲ್ಲಿ ‘ತಟ್ಟೆಯಷ್ಟು ದೊಡ್ಡ ಕಣ್ಣುಗಳು’ ಎನ್ನಬಹುದು. ಅಲ್ಲಿನ ಜಾನಪದ ಕಥೆಗಳ ಪಾತ್ರಗಳಿಂದ ಹೊರಟ ಕಲ್ಪನೆಯದು. ಪುಸ್ತಕವಾಗಿ 2017ರಲ್ಲಿ ಹೊರಬಂತು. ಅದರಲ್ಲಿರುವವರು ಬಹುಮಟ್ಟಿಗೆ ವಯಸ್ಸಾದವರು: ದುಡಿಮೆಯಿಂದ ನಿವೃತ್ತರಾದ ರೈತರು, ಮೀನುಗಾರರು, ಗೃಹಿಣಿಯರು, ವಿದ್ವಾಂಸರು. ಅವರು ಹುಲ್ಲು, ಪಾಚಿ, ಎಲೆ, ಕಡಲಕಳೆ ಇಂಥವುಗಳನ್ನು ತಲೆಗೂ ಮೈಗೂ ಧರಿಸಿ, ತಮ್ಮ ಸುತ್ತಣ ನೆಲದೊಡನೆ ಒಂದಾಗಿ ನಿಲ್ಲುತ್ತಾರೆ. ಮುದುಕರನ್ನು ಮೂಲೆಯಲ್ಲಿ ಕೂರಿಸುವ ಈ ಕಾಲದಲ್ಲಿ ಅವರನ್ನು ಕಾಡಿನ ಒಡೆಯರಂತೆ ತೋರಿಸುವ ಗೌರವ ಆ ಚಿತ್ರಗಳಲ್ಲಿದೆ. ಏನು ಧರಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವರೊಡನೆ ಮಾತನಾಡಿ, ಅವರನ್ನೂ ಕೂಡಿಸಿಕೊಂಡು ನಿಶ್ಚಯವಾಗುತ್ತದೆ. ಎಲೆ ಕೊಯ್ಯುವ ವಿಷಯದಲ್ಲಿ ನಮ್ಮ ಮನೆಗಳ ಸಂಕೋಚ ಬೇರೆ. ಹಾಗಿದ್ದರೂ, ಚಿತ್ರದಲ್ಲಿರುವವನ ಒಪ್ಪಿಗೆಯಷ್ಟೇ ಸಾಲದು, ಅವನ ಬಾಳೂ ಆ ಚಿತ್ರದಲ್ಲಿರಬೇಕು ಎಂಬುದನ್ನು ನಾನು ಅವರಿಂದ ಕಲಿತೆ.

ಈ ಪುಸ್ತಕಗಳನ್ನು ಮಡಚಿಟ್ಟು ಕಿಟಕಿಯಿಂದ ನೋಡಿದರೆ ನಮ್ಮ ಊರಿನ ಬೆಟ್ಟ ಕಾಣುತ್ತದೆ. 1432ರಲ್ಲಿ ವೀರಪಾಂಡ್ಯನು ಸ್ಥಾಪಿಸಿದ, ಸುಮಾರು 42 ಅಡಿ ಎತ್ತರದ ಬಾಹುಬಲಿ ಸ್ವಾಮಿ ಅಲ್ಲಿ ನಿಂತಿದ್ದಾರೆ. ಬೆಳಗೊಳದ ಮೂರ್ತಿ ಇದಕ್ಕಿಂತ ಹಳೆಯದು. ಚಾವುಂಡರಾಯನು ಸುಮಾರು 981ರಲ್ಲಿ ಮಾಡಿಸಿದ, 58 ಅಡಿ ಎತ್ತರದ್ದು. ಮನುಷ್ಯಾಕೃತಿಯನ್ನು ಪ್ರಕೃತಿಯೊಡನೆ ಬೆರೆಸಿದ ಕೃತಿಗಳಲ್ಲಿ ಇವಕ್ಕೆ ಸಮಾನವಾದುದನ್ನು ನಾನು ಬೇರೆ ಕಂಡಿಲ್ಲ. ಬೆಳಗೊಳದಲ್ಲಿ ಕಾಲುಗಳ ಪಕ್ಕದಲ್ಲಿ ಹುತ್ತ, ಹುತ್ತದಿಂದ ತಲೆಯೆತ್ತಿದ ಸರ್ಪಗಳು, ತೊಡೆಯನ್ನೂ ತೋಳನ್ನೂ ಸುತ್ತಿ ಮೇಲೇರಿದ ಮಾಧವಿ ಬಳ್ಳಿ. ಬಾಲ್ಯದಿಂದ ನೋಡಿದ ಈ ಬಳ್ಳಿಯನ್ನು ನಾನು ಅಲಂಕಾರವೆಂದೇ ತಿಳಿದಿದ್ದೆ. ಛಾಯಾಗ್ರಾಹಕನ ಕಣ್ಣಿನಿಂದ ಮತ್ತೆ ನೋಡಿದಾಗ ಒಂದು ಸರಳವಾದ ಸಂಗತಿ ಹೊಳೆಯಿತು. ಅಲ್ಲಿ ಯಾರೂ ಬಳ್ಳಿಯನ್ನು ಜಗ್ಗಿ ತಂದು ಸುತ್ತಿಲ್ಲ. ಅವರು ನಿಂತರು, ಬಳ್ಳಿ ತಾನಾಗಿ ಬಂತು. ಅವರು ವರ್ಷಕಾಲ ಅಲುಗಾಡದೆ ನಿಂತುದರಿಂದ ಬಳ್ಳಿಗೂ ಇರುವೆಗೂ ಹಾವಿಗೂ ಅವರಿಂದ ಭಯವಿರಲಿಲ್ಲ. ಬೆರೆಯುವುದೆಂದರೆ ಪ್ರಕೃತಿಯನ್ನು ನಮ್ಮ ಕಡೆಗೆ ಎಳೆದುಕೊಳ್ಳುವುದಲ್ಲ, ಅದಕ್ಕೆ ನಮ್ಮಿಂದ ಭಯವಿಲ್ಲದಂತೆ ಇರುವುದು ಎಂದು ಆ ಶಿಲ್ಪಿ ಕಲ್ಲಿನಲ್ಲಿಯೇ ಹೇಳಿದ್ದಾನೆ.

ಇದು ಹೊಳೆದ ಮೇಲೆಯೇ ನನಗೆ ಒಂದು ಹಳೆಯ ನೆಗೆಟಿವಿನ ನೆನಪಾದದ್ದು. 1999ರಲ್ಲಿ ತೆಗೆದು, ಕೆಟ್ಟಿತೆಂದು ಪೆಟ್ಟಿಗೆಗೆ ಹಾಕಿದ್ದ ಅಮ್ಮನ ಚಿತ್ರವದು. ತಂದೆಯವರು ತೀರಿಕೊಂಡ ಮೇಲೆ ಅಮ್ಮ ಒಂದು ದಿನ ತಾವಾಗಿಯೇ, ‘ನನ್ನದೊಂದು ಪಟ ತೆಗೆ. ಬಾವಿಯ ಹತ್ತಿರ ತೆಗೆ’ ಎಂದಿದ್ದರು. ನಮ್ಮ ಬಾವಿ ಮುರಕಲ್ಲಿನದು. ಒಳಗೋಡೆಯ ಸಂದುಸಂದುಗಳಲ್ಲಿ ಜರಿಗಿಡಗಳು ಬೆಳೆದು ಕಟ್ಟೆಯ ಮೇಲಕ್ಕೂ ಬಾಗಿರುತ್ತಿದ್ದವು. ಅಮ್ಮ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಬೆಳಗಾದರೆ ಅಲ್ಲಿಂದ ನೀರು ಸೇದಿ, ಮಡಿಸಿದ ಬಟ್ಟೆಯಲ್ಲಿ ಸೋಸುತ್ತಿದ್ದರು. ಸೋಸಿದ ಮೇಲೆ ಬಟ್ಟೆಯನ್ನು ಹಾಗೆಯೇ ಹಿಂಡುತ್ತಿರಲಿಲ್ಲ. ಸೋಸಿದ ನೀರನ್ನೇ ಹೊಯ್ದು ಅದನ್ನು ಚಿಕ್ಕ ಪಾತ್ರೆಯೊಳಗೆ ತೊಳೆದು, ಪಾತ್ರೆಯನ್ನು ಹಗ್ಗದಿಂದ ನೀರಿನ ಮಟ್ಟದವರೆಗೂ ಇಳಿಸಿ, ಕಣ್ಣಿಗೆ ಕಾಣದ ಆ ಜೀವಿಗಳನ್ನು ಬಂದಲ್ಲಿಗೇ ಬಿಡುತ್ತಿದ್ದರು. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆಂದು ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರು.

ಅಂದು ಬೆಳಗ್ಗೆ ಏಳು ಗಂಟೆಯ ಬಿಸಿಲು ತೆಂಗಿನ ಮರಗಳ ನಡುವಿನಿಂದ ಓರೆಯಾಗಿ ಬೀಳುತ್ತಿತ್ತು. ಅಮ್ಮ ಕಟ್ಟೆಗೆ ಬಾಗಿ ಪಾತ್ರೆಯನ್ನು ಇಳಿಸುತ್ತಿದ್ದರು. ಒಂದು ಜರಿಯ ಎಲೆ ಅವರ ಕೆನ್ನೆಗೆ ಅಡ್ಡವಾಗಿ ಬಂದಿತ್ತು. ನಮ್ಮ ವೃತ್ತಿಯಲ್ಲಿ ಅದು ದೋಷ. ಮುಖವನ್ನು ಯಾವುದೂ ಮುಚ್ಚಕೂಡದು. ‘ಅಮ್ಮ, ಆ ಎಲೆಯನ್ನು ಚಿವುಟಿಬಿಡುತ್ತೇನೆ’ ಎಂದು ನಾನು ಮುಂದೆ ಬಂದೆ. ‘ಬೇಡ. ಅದು ಮೊದಲಿನಿಂದ ಅಲ್ಲಿಯೇ ಇದೆ. ಬೇಕಾದರೆ ನಾನು ಈಚೆ ಸರಿಯುತ್ತೇನೆ’ ಎಂದು ಅವರು ಸ್ವಲ್ಪ ಸರಿದರು. ಎಲೆ ಆಗಲೂ ಕೆನ್ನೆಯ ಅಂಚನ್ನು ಮುಟ್ಟಿಯೇ ಇತ್ತು. ನಾನು ಬೇಸರದಿಂದಲೇ ಒಂದು ಚಿತ್ರ ತೆಗೆದು, ನೆಗೆಟಿವನ್ನು ಪೆಟ್ಟಿಗೆಗೆ ಹಾಕಿದೆ. 2004ರಲ್ಲಿ ಅಮ್ಮ ತೀರಿಕೊಂಡಾಗ ಪತ್ರಿಕೆಗೆ ಕೊಟ್ಟದ್ದೂ ಬೇರೆಯೇ ಚಿತ್ರ.

ಹಿರಿಯರು ಕೊಟ್ಟ ಎಂಟು ದಿನಗಳಲ್ಲಿ ಆ ನೆಗೆಟಿವನ್ನು ಹುಡುಕಿ ತೆಗೆದು ಮುದ್ರಿಸಿದೆ. ಅಮ್ಮನ ನರೆಗೂದಲು, ಸೀರೆಯ ಮಡಿಕೆ, ಮುರಕಲ್ಲಿನ ತೂತುಗಳು, ಜರಿಯ ಎಲೆಗಳು ಎಲ್ಲವೂ ಒಂದೇ ಬೆಳಕಿನಲ್ಲಿವೆ. ಕೆನ್ನೆಯ ಮೇಲೆ ಎಲೆಯ ನೆರಳು ಬಿದ್ದಿದೆ. ಅವರು ಕ್ಯಾಮೆರಾವನ್ನು ನೋಡುತ್ತಿಲ್ಲ, ಹಗ್ಗದ ತುದಿಯನ್ನು ನೋಡುತ್ತಿದ್ದಾರೆ. ಮೂವತ್ತು ವರ್ಷ ನಾನು ಪರದೆಯಿಂದ, ಕತ್ತರಿಯಿಂದ, ಬಳ್ಳಿಯನ್ನು ಜಗ್ಗಿ ಮಾಡಲು ಹೋದದ್ದನ್ನು ಅಮ್ಮ ಒಂದು ಹೆಜ್ಜೆ ಈಚೆ ಸರಿದು ಮಾಡಿದ್ದರು. ಅಲ್ಲಿ ಎಲೆ ಚಿತ್ರದ ಅಲಂಕಾರವಲ್ಲ, ಅಮ್ಮನ ನೆರೆಯವಳು. ನೆಲ, ನೀರು, ಗಿಡ ಇವುಗಳಲ್ಲಿಯೂ ಜೀವವನ್ನು ಕಾಣುವವರಿಗೆ ‘ಹಿನ್ನೆಲೆ’ ಎಂಬ ಮಾತೇ ಸಲ್ಲದೆಂದು ನನಗೆ ಅಂದು ಅನ್ನಿಸಿತು.

ಇಂದು ಬೆರಳ ತುದಿಯಿಂದ ಮನುಷ್ಯನ ಹಿಂದಿನ ಸ್ಥಳವನ್ನು ಬದಲಾಯಿಸಬಹುದು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬೆಟ್ಟದ ನೆರಳನ್ನೂ ಮನುಷ್ಯನ ನೆರಳನ್ನೂ ಒಂದೇ ಕಡೆಗೆ ತಿರುಗಿಸಿ ಕೊಡುತ್ತವೆ. ನನ್ನ ತಾಯಿಯಂಥವರೂ ಇನ್ನು ಪತ್ತೆಹಚ್ಚಲಾರರು. ಇತ್ತ ಮದುವೆಗೆ ಮುಂಚಿನ ಚಿತ್ರೀಕರಣಕ್ಕೆಂದು ಯುವಜನರು ಮಳೆಗಾಲದಲ್ಲಿ ಮುರಕಲ್ಲಿನ ಬಯಲುಗಳಿಗೂ ಹುಲ್ಲುಗಾವಲಿನ ಬೆಟ್ಟಗಳಿಗೂ ಹೋಗುತ್ತಾರೆ. ಆ ಬಂಡೆಗಳ ಮೇಲಿನ ತೆಳುಮಣ್ಣಿನಲ್ಲಿ ಬೆರಳುದ್ದದ ಹೂಗಿಡಗಳು ಬದುಕುವುದು ಆ ಕೆಲವೇ ತಿಂಗಳುಗಳಲ್ಲಿ. ಅದೇ ತಿಂಗಳುಗಳಲ್ಲಿ ಸೂಕ್ಷ್ಮಜೀವಿಗಳಿಗೆ ಬಾಧೆಯಾಗದಿರಲೆಂದು ನಮ್ಮ ಮುನಿಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಚಿತ್ರವೇ ಬೇಡವೆಂದು ನಾನು ಹೇಳುತ್ತಿಲ್ಲ. ಕೊಂಬೆ ಮುರಿಯದೆ, ಗೂಡು ಕೆಡಿಸದೆ, ಇರುವ ಹಾದಿಯನ್ನು ಬಿಟ್ಟು ಹುಲ್ಲನ್ನು ತುಳಿಯದೆ ತೆಗೆಯಲಾಗದ ಚಿತ್ರವನ್ನು ತೆಗೆಯದೆ ಬಿಟ್ಟರೆ ನಷ್ಟವಿಲ್ಲ. ಇನ್ನು ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ: ಜೋಡಿಸಿದ ಚಿತ್ರವನ್ನು ಅಚ್ಚು ಹಾಕಿಸಲೇಬೇಕಾದರೆ ಅದು ಜೋಡಣೆಯೆಂದು ಕೆಳಗೆ ಒಂದು ಸಾಲಿನಲ್ಲಿ ತಿಳಿಸಲಿ.

ಎಂಟನೆಯ ದಿನ ಹಿರಿಯರು ಬಂದರು. ಲಕೋಟೆಯನ್ನು ಹಾಗೆಯೇ ಹಿಂದಿರುಗಿಸಿ, ಜೊತೆಗೆ ಇನ್ನೊಂದು ಚಿತ್ರವನ್ನು ಅವರ ಮುಂದಿಟ್ಟೆ. ನನ್ನ ಹಳೆಯ ಪೆಟ್ಟಿಗೆಯಲ್ಲಿ ಅದೇ ಗೃಹಸ್ಥರ 1988ರ ಚಿತ್ರವೊಂದು ಸಿಕ್ಕಿತ್ತು. ಅವರು ತಮ್ಮ ಅಡಕೆ ತೋಟದ ತೋಡಿನಲ್ಲಿ, ಮೊಣಕಾಲವರೆಗೆ ಪಂಚೆಯನ್ನೆತ್ತಿ ಕಟ್ಟಿ, ನೀರು ತಿರುಗಿಸುತ್ತ ನಿಂತಿದ್ದಾರೆ. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ನೋಡಿ, ‘ಕಾಲಿಗೆ ಕೆಸರು ಹತ್ತಿದೆಯಲ್ಲ?’ ಎಂದರು. ‘ಹೌದು. ಬಸದಿಗೆ ಕೊಟ್ಟ ಹಣ ಬಂದದ್ದು ಆ ಕೆಸರಿನಿಂದಲೇ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಂಡಳಿಯವರನ್ನು ಕೇಳಿ ತಿಳಿಸುವುದಾಗಿ ಹೇಳಿ ಎರಡನ್ನೂ ಒಯ್ದರು.

ಸಂಚಿಕೆ ಇನ್ನೂ ಹೊರಬಂದಿಲ್ಲ. ಅವರು ಯಾವುದನ್ನು ಆರಿಸಿದರೂ ನನಗೆ ಬೇಸರವಿಲ್ಲ. ನನ್ನ ಕೈಯಿಂದ ಮಾತ್ರ ಇನ್ನೊಂದು ಜೋಡಣೆ ಆಗುವುದಿಲ್ಲ. ಬಾವಿಯ ಬಳಿಯ ಅಮ್ಮನ ಚಿತ್ರ ಈಗ ನಮ್ಮ ಗೋಡೆಯ ಮೇಲಿದೆ. ಮನೆಗೆ ಬಂದವರಲ್ಲಿ ಕೆಲವರು, ‘ಮುಖಕ್ಕೆ ಎಲೆ ಅಡ್ಡ ಬಂದಿದೆ, ತೆಗೆಯಬಾರದಿತ್ತೇ?’ ಎಂದು ಕೇಳುತ್ತಾರೆ. ತೆಗೆಯಲು ಅಮ್ಮ ಬಿಡಲಿಲ್ಲ ಎನ್ನುತ್ತೇನೆ.